ಅಕ್ಕ ಲಾಕ್ ಹಾಕದೆ ಬಿಟ್ಟ ಜಾಗ

ಇನ್ನೂರು ಔಷಧಿ ಪೆಟ್ಟಿಗೆಗಳ ವ್ಯಾಪಾರ. ಒಳಗಿನ ತಂಪು ಕೆಟ್ಟರೆ ತಾವಾಗಿಯೇ ಕೂಗಿಕೊಳ್ಳುವ ಪೆಟ್ಟಿಗೆಗಳು. ಕೊಳ್ಳುವವರದು ಒಂದೇ ಷರತ್ತು: ಪೆಟ್ಟಿಗೆಯ ಕರ್ನಲ್, ಅಂದರೆ ಯಂತ್ರವನ್ನು ಆಳುವ ತಳದ ಪ್ರೋಗ್ರಾಂ, ಪರೀಕ್ಷೆಯಲ್ಲಿ ಒಂದೂ ದೂರಿಲ್ಲದೆ ಪಾಸಾಗಬೇಕು.

ಬಂತು ಒಂದು ದೂರು. ಡೇಟಾ ರೇಸ್. ತಾಪಮಾನದ ಅಂಕೆಯನ್ನು ಒಂದು ಕಡೆ ಬರೆಯುತ್ತಿರುವಾಗಲೇ ಪರದೆ ಅದನ್ನು ಓದುತ್ತಿದೆ. ಒಂದರ ಕೆಲಸ ಮುಗಿಯುವ ತನಕ ಇನ್ನೊಂದನ್ನು ತಡೆದು ನಿಲ್ಲಿಸುವ ಲಾಕ್ ನಡುವೆ ಇಲ್ಲ.

ಪ್ರೋಗ್ರಾಂನ ಆ ಭಾಗ ಬರೆದವಳು ತೀರಿಕೊಂಡು ವರ್ಷವಾಗಿತ್ತು. ಈಗ ಆ ಕುರ್ಚಿಯಲ್ಲಿ ಕೂರುವವನು ಅವಳ ತಮ್ಮ. ಬೇಕೆಂದೇ ಲಾಕ್ ಬಿಟ್ಟ ಕಡೆಯೆಲ್ಲ ಪಕ್ಕದಲ್ಲೇ ಕಾರಣ ಬರೆದಿಡುವುದು ಅಕ್ಕನ ರೂಢಿ. ಇಲ್ಲಿ ಮಾತ್ರ ಒಂದಕ್ಷರವಿಲ್ಲ.

"ಅವಳ ತಪ್ಪು ಅಂತ ಬರೆದು ಲಾಕ್ ಜಡಿ," ಅಂದ ಕಂಪನಿ ಯಜಮಾನ. "ಅವಳೇನು ಎದ್ದು ಬಂದು ಕೇಳ್ತಾಳಾ?"

ತಮ್ಮನಿಗೆ ಮನಸ್ಸು ಬರಲಿಲ್ಲ. ಆದರೂ ಜಡಿದ. ದೂರು ಮಾಯ. ಬರೆದೂ ಬಿಟ್ಟ... ಅಕ್ಕನ ತಪ್ಪು ಅಂತ.

ಮನೆಗೆ ಹೊರಟಾಗ ಬೀದಿ ಖಾಲಿ. ಹಳೇ ಬಾವಿಯ ತಗಡಿನ ಮುಚ್ಚಳ ಗಾಳಿಗೆ ಡಬ್... ಡಬ್ ಅನ್ನುತ್ತಿತ್ತು. ಗಾಳಿ ನಿಂತಿತು, ಮುಚ್ಚಳವೂ ಸುಮ್ಮನಾಯಿತು. ಆಗ ಇನ್ನೊಂದು ಸದ್ದು. ಟಿಕ್... ಟಿಕ್... ಬೆನ್ನ ಹಿಂದೆಯೇ. ಇವನು ನಿಂತರೂ ಅದು ನಿಲ್ಲಲಿಲ್ಲ.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಮುಖ ಬಿಳಿಚಿತ್ತು.

"ಅವಳ ಕೋಣೆ ಗಡಿಯಾರ ಕಣೋ... ಓಡ್ತಿದೆ. ಅವಳು ಹೋದ ದಿನವೇ ಸೆಲ್ ತೆಗೆದಿಟ್ಟಿದ್ದೆನಲ್ಲೋ..."

ಅವನು ಕತ್ತಲ ಕೋಣೆಗೆ ಕಾಲಿಟ್ಟ.

"ಅಕ್ಕಾ...?"

"ಹೊತ್ತು ನೋಡೋಕೆ ಯಾರಾದ್ರೂ ಮುಳ್ಳು ಹಿಡಿದು ನಿಲ್ಲಿಸ್ತಾರೇನೋ, ಪೆದ್ದಾ?"

ಪೆದ್ದಾ ಅಂತ ಅವನನ್ನು ಕರೆಯುತ್ತಿದ್ದವಳು ಒಬ್ಬಳೇ.

"ಮತ್ತೆ ಯಾಕೆ ಬರೆದಿಡ್ಲಿಲ್ಲ ನೀನು?"

ಟಿಕ್... ಟಿಕ್...

"ನಾಳೆ ಬರೆಯೋಣ ಅಂತಿದ್ದೆ..."

ಅಷ್ಟೇ. ಮತ್ತೆ ದನಿಯಿಲ್ಲ. ಅವನು ಅವಳ ಬರಿ ಮಂಚದ ಮೇಲೆ ಕೂತು ಬೆಳಗಿನ ತನಕ ಅತ್ತ.

ಬೆಳಕು ಹರಿಯುತ್ತಲೇ ಹೋಗಿ ಒಂದು ಪೆಟ್ಟಿಗೆಯ ಬಾಗಿಲು ತೆರೆದಿಟ್ಟು ನೋಡಿದ. ಒಳಗೆ ಬಿಸಿ ಏರಿತು. ಪೆಟ್ಟಿಗೆ ಕೂಗಲಿಲ್ಲ. ನಿಧಾನದ ಪರದೆ ಲಾಕ್ ಹಿಡಿದು ಕೂತಿತ್ತು. ಹೊಸ ಅಂಕೆ ಬರೆಯಬೇಕಾದ ಭಾಗ ಹೊರಗೆ ಕಾಯುತ್ತಿತ್ತು. ಎಚ್ಚರಿಕೆಯ ಗಂಟೆ ಅದರ ಹಿಂದೆ. ಲಾಕ್ ಕಿತ್ತ. ಪರದೆ ಅಂಕೆಯನ್ನು ಒಂದೇ ಸಲಕ್ಕೆ ಪೂರ್ತಿ ಓದುವಂತೆ ಮಾಡಿ, ಈ ರೇಸ್ ಬೇಕೆಂದೇ ಬಿಟ್ಟದ್ದು ಎಂದು ಗುರುತು ಹಾಕಿ, ಕಾರಣ ಬರೆದ: 'ಪರದೆ ಒಂದು ಕ್ಷಣ ಹಳೆಯ ಅಂಕೆ ತೋರಿಸಿದರೆ ನಷ್ಟವಿಲ್ಲ. ಗಂಟೆ ಕಾದರೆ ಔಷಧಿ ಹಾಳು.' ಮತ್ತೆ ಬಾಗಿಲು ತೆರೆದ. ಕೀಂ... ಎಂದು ಪೆಟ್ಟಿಗೆ ಕಿರುಚಿತು. ಯಜಮಾನ ಪರೀಕ್ಷೆಯನ್ನು ಮತ್ತೆ ಓಡಿಸಿದ: ಗುರುತು ಹಾಕಿದ ಕಡೆ ದೂರು ಬರಲಿಲ್ಲ.

ಕಡೆಗೆ ದಕ್ಕಿದ್ದು ಇಷ್ಟು: ಪೆಟ್ಟಿಗೆಗಳೆಲ್ಲ ಮಾರಾಟವಾದವು. ಅಕ್ಕನ ಹೆಸರಿಗೆ ಅಂಟಿದ್ದ ತಪ್ಪು ಅಳಿಯಿತು. ಅಕ್ಕ ಮಾತ್ರ ಮತ್ತೆ ಬರಲಿಲ್ಲ. ಸುಳ್ಳು ಅನ್ನುವವರು ಬಂದು ನೋಡಲಿ, ನಮ್ಮ ಪಕ್ಕದ ಮನೆಯೇ. ಸೆಲ್ ಇವತ್ತಿಗೂ ಅಡುಗೆಮನೆಯ ಡಬ್ಬಿಯಲ್ಲಿದೆ. ಗಡಿಯಾರ ಸರಿಯಾದ ಹೊತ್ತು ತೋರಿಸುತ್ತದೆ. ಅಮ್ಮ ದಿನವೂ ಹೊಸ್ತಿಲಲ್ಲಿ ನಿಂತು ನೋಡುತ್ತಾಳೆ. ಮುಟ್ಟುವುದಿಲ್ಲ.