ಆರೂವರೆಗೆ ಏರುವ ಮುಳ್ಳು

ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಆ ಸಂಜೆಯಂತೂ ಟೀವಿ ಕೇಬಲ್ ಕಡಿದು, ಫೋನುಗಳಲ್ಲಿ ಸಿಗ್ನಲ್ಲೇ ಇಲ್ಲದೆ, ನಾಳೆ ಬಸ್ಸುಗಳು ಓಡುತ್ತವೋ ಇಲ್ಲವೋ ಎಂದು ತಿಳಿಯಲು ನಮ್ಮ ಕಟ್ಟಡದವರಿಗೆ ದಾರಿಯೇ ಇರಲಿಲ್ಲ. ಉಳಿದದ್ದು ಕೆಳಗಿನ ಮನೆಯ ಏರಿಯಲ್ ತಾತ ಒಬ್ಬರೇ. ಮೂವತ್ತು ವರ್ಷ ಮನೆ ಮನೆಗೆ ಹೋಗಿ ರೇಡಿಯೊ ಕೂರಿಸಿ, ತಾರಸಿ ಹತ್ತಿ ಏರಿಯಲ್ ನೆಟ್ಟು ಬಂದವರು. ಮೆಟ್ಟಿಲ ಬುಡದ ಬೆಂಚಿನ ಮೇಲೆ ಅಂಗೈಯಗಲದ ಒಂದು ರೇಡಿಯೊ ಹಿಡಿದು ಕೂತಿದ್ದರು. ನಾನು, ಎರಡನೇ ಮಹಡಿಯ ಟೈಲರ್, ಅವನ ಹೆಂಡತಿ, ಮೇಲಿನ ಮನೆಯ ನರ್ಸಮ್ಮ, ನಾಲ್ವರೂ ಇಳಿದು ಬಂದೆವು. ಬಸ್ಸು ಇಲ್ಲ ಅಂತ ಸುದ್ದಿಯಲ್ಲಿ ಬಂತು. ಆದರೂ ಮತ್ತೆ ಮೆಟ್ಟಿಲು ಹತ್ತುವ ಮನಸ್ಸು ಯಾರಿಗೂ ಆಗಲಿಲ್ಲ. ಬಾಯಿ ಕಟ್ಟಿಕೊಂಡು ಕೂರಲಾರದ ಟೈಲರ್, "ತಾತ, ಅಷ್ಟೊಂದು ಮನೆ ಹೊಕ್ಕು ಬಂದಿದೀರಲ್ಲ, ಎಲ್ಲಾದ್ರೂ ದೆವ್ವ ಗಿವ್ವ ಕಂಡಿದ್ದುಂಟಾ?" ಎಂದ.

"ಕಂಡಿಲ್ಲಪ್ಪ," ಎಂದರು ತಾತ, ರೇಡಿಯೊ ಆರಿಸುತ್ತ. "ಆದ್ರೆ ಅಳೆದಿದೀನಿ."

ನಗಬೇಕೋ ಬೇಡವೋ ತಿಳಿಯದೆ ನಾವು ಮೆಟ್ಟಿಲ ಮೇಲೆ ಒತ್ತೊತ್ತಾಗಿ ಕೂತೆವು. ಮುಂದಿನದ್ದೆಲ್ಲ ಅವರದೇ ಮಾತು.

ಟ್ಯೂನರ್ ಅಂದ್ರೆ ನಿಮಗೆಲ್ಲಿ ಗೊತ್ತಿರುತ್ತೆ... ಆಗ ಹೈ-ಫೈ ಅಂತ ಒಂದು ಹುಚ್ಚು ಬಂದಿತ್ತು. ಸ್ಟೇಷನ್ ಹಿಡಿಯೋಕೆ ಒಂದು ಪೆಟ್ಟಿಗೆ, ಅದೇ ಟ್ಯೂನರ್. ದನಿ ದೊಡ್ಡದು ಮಾಡೋಕೆ ಇನ್ನೊಂದು, ಕೂಗೋಕೆ ಎರಡು ಸ್ಪೀಕರು. ಅಂಗಡಿ ಯಜಮಾನರು ಮಾರೋರು, ನಾನು ಹೋಗಿ ಕೂರಿಸೋನು. ತಂದಿಟ್ಟರೆ ಹಾಡುತ್ತೆ ಅಂತ ಜನ ತಿಳ್ಕೊಂಡಿರ್ತಾರೆ. ಎಲ್ಲಿ ಹಾಡುತ್ತೆ? ಪೆಟ್ಟಿಗೆ ಎಷ್ಟೇ ಚೆನ್ನಾಗಿರಲಿ, ಏರಿಯಲ್ ತಂತಿ ಸರಿಯಿಲ್ಲದಿದ್ರೆ ಬರೀ ಬುಸ್ ಅನ್ನುತ್ತೆ. ಅದಕ್ಕೇ ಅದರ ಮುಂದುಗಡೆ ಒಂದು ಮೀಟರ್ ಇರುತ್ತೆ, ಸೊನ್ನೆಯಿಂದ ಐದರ ತನಕ. ತಂತಿನ ಗೋಡೆ ಮೇಲೆ ಆ ಕಡೆ ಈ ಕಡೆ ಸರಿಸ್ತಾ, ಮುಳ್ಳು ಎಲ್ಲಿ ಜಾಸ್ತಿ ಏರುತ್ತೋ ಅಲ್ಲಿ ಅಂಟಿಸಬೇಕು. ಆಮೇಲೆ... ಇದು ನನ್ನ ಗುರು ತಲೆ ಮೇಲೆ ಮೊಟಕಿ ಕಲಿಸಿದ ಪಾಠ... ಆರು ಹೆಜ್ಜೆ ಹಿಂದೆ ಬಂದು ಇನ್ನೊಂದು ಸಲ ಮುಳ್ಳು ನೋಡಬೇಕು. ಯಾಕೆ ಹೇಳಿ? ನಮ್ಮ ಮೈಯೂ ಒಂದು ಏರಿಯಲ್ಲೇ ಕಣ್ರಪ್ಪ. ತಂತಿ ಹತ್ರ ಮನುಷ್ಯ ನಿಂತ್ರೆ ಮುಳ್ಳು ಏರುತ್ತೆ, ಸರಿದ್ರೆ ಇಳಿಯುತ್ತೆ. ಇದು ತಿಳೀದ ದಡ್ಡ ಅಲ್ಲೇ ನಿಂತು ಭೇಷ್ ಅಂದ್ಕೊಂಡು ಚೀಲ ಕಟ್ಟುತಾನೆ, ಅವನು ಹೊಸ್ತಿಲು ದಾಟಿದ ಕೂಡಲೇ ಹಾಡೂ ದಾಟುತ್ತೆ. ಯಾವ ಮನೆಯಿಂದಲೂ ಎರಡನೇ ಸಲ ಕರೆಸಿಕೊಂಡೋನಲ್ಲ ಅಂತ ನನಗೆ ಭಾರಿ ಜಂಬ.

ಹೀಗಿರುವಾಗ ಒಂದು ಮನೆಗೆ ಹೋದೆ. ಮೂರನೇ ಮಹಡಿ, ಎರಡೇ ರೂಮು. ಆ ಮನೆ ಯಜಮಾನರು ಪ್ರೆಸ್ಸಲ್ಲಿ ಪ್ರೂಫ್ ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡು ರಿಟೈರ್ ಆದೋರು. ಮಕ್ಕಳಿಲ್ಲ, ಹೆಂಡತಿ ಹೋಗಿ ಎಂಟು ತಿಂಗಳಾಗಿತ್ತು. ನಾನು ತಂತಿ ಬಿಚ್ಚುತಾ ಇದ್ರೆ ತಾವೇ ಹೇಳೋಕೆ ಶುರು ಮಾಡಿದ್ರು. ದಿನಾ ಸಂಜೆ ಆರೂವರೆಯಿಂದ ಏಳರ ತನಕ ದೂರದ ಒಂದು ಸ್ಟೇಷನ್ನಿಂದ ಹಾಡು ಬರ್ತಿತ್ತಂತೆ. ಅವರ ಹಳೇ ರೇಡಿಯೊಗೆ ಅದು ಸುಲಭಕ್ಕೆ ಸಿಗ್ತಿರಲಿಲ್ಲ. ಆಯಮ್ಮ ಕಿಟಕಿ ಮೂಲೆಯಲ್ಲಿ ತಂತಿ ತುದಿ ಹಿಡ್ಕೊಂಡು ನಿಂತ್ರೆ ಸಿಗ್ತಿತ್ತು. ಕೇಳಿಸ್ತಾ ಅಂತ ಆಯಮ್ಮ ಕೇಳೋದು, ಹೂಂ, ಅಲ್ಲಾಡಬೇಡ ಅಂತ ಇವರು ಅನ್ನೋದು. ಇಪ್ಪತ್ತೆರಡು ವರ್ಷ ಇವರು ಕೂತು ಕೇಳಿದ್ರು, ಆಯಮ್ಮ ನಿಂತು ಕೇಳಿದ್ರು. "ಆಗಲೇ ಒಂದು ಒಳ್ಳೇ ಸೆಟ್ ತಂದಿದ್ರೆ ಅವಳೂ ಒಂದಿನ ಕೂತು ಕೇಳ್ತಿದ್ಲು ಕಣ್ರೀ... ನನಗೆ ಹೊಳೀಲೇ ಇಲ್ಲ," ಅಂದ್ರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗೆ.

ಅವತ್ತು ನಾನು ಸ್ಟೇಷನ್ ತಿರುಗಿಸುವಾಗ ಸರಿಯಾಗಿ ಆರೂವರೆ. ಮುಳ್ಳು ನಾಲ್ಕೂವರೆಗೆ ಹೋಗಿ ಕೂತ್ಕೊಂಡ್ತು, ಸ್ಟೀರಿಯೊದ ಕೆಂಪು ದೀಪ ಹತ್ತಿತು. ಆರು ಹೆಜ್ಜೆ ಹಿಂದೆ ಬಂದೆ. ಕದಲಲಿಲ್ಲ. ಯಜಮಾನರ ಕಣ್ಣಲ್ಲಿ ನೀರು, ನನ್ನ ಎದೆ ಇಷ್ಟಗಲ. ಚೀಲ ಎತ್ಕೊಂಡು ಬಂದುಬಿಟ್ಟೆ.

ಮೂರನೇ ದಿನ ಅಂಗಡಿಗೆ ಫೋನು, ಒಂದು ಸಲ ಬಂದು ಹೋಗ್ತೀರಾ ಅಂತ. ಮೈ ಉರಿದುಹೋಯ್ತು ನನಗೆ. ಹೋದ್ರೆ ಅವರು ಹೇಳೋದೇನು? ಹಗಲೆಲ್ಲ ಮುಳ್ಳು ಒಂದರ ಹತ್ರ ಬಿದ್ದಿರುತ್ತಂತೆ, ಆರೂವರೆ ಹೊಡೆದ ಕೂಡಲೇ ನಾಲ್ಕೂವರೆಗೆ ಏರುತ್ತಂತೆ, ಏಳಕ್ಕೆ ಇಳಿಯುತ್ತಂತೆ. ಸ್ಟೇಷನ್ನೋರು ಪವರ್ ಜಾಸ್ತಿ ಮಾಡ್ತಾರೇನೋ ಅಂತ ಬಾಯಿಗೆ ಬಂದದ್ದು ಹೇಳ್ತಾ ಪೆಟ್ಟಿಗೆ ತಿರುಗಿಸಿ ಬೆನ್ನು ನೋಡ್ತೀನಿ... ತಂತಿ ಸಿಕ್ಕಿಸೋಕೆ ಎರಡು ಸ್ಕ್ರೂ ಇರುತ್ತೆ. ಅದನ್ನ ಬಿಗಿ ಮಾಡೋ ಮಾತಿರಲಿ, ನಾನು ತಂತಿನೇ ಸಿಕ್ಕಿಸಿಲ್ಲ. ಅವತ್ತು ಮುಳ್ಳು ಏರಿದ್ದು ನೋಡಿ, ಎಲ್ಲಾ ಆಗಿದೆ ಅಂದ್ಕೊಂಡು ಬಂದಿದೀನಿ. ತಂತಿ ಅದರ ಪಾಡಿಗೆ ಗೋಡೆ ಮೇಲಿದೆ, ಪೆಟ್ಟಿಗೆ ಅದರ ಪಾಡಿಗೆ ಮೇಜಿನ ಮೇಲಿದೆ. ಹಾಗಾದ್ರೆ ಮೂರು ದಿನ ಆ ಮನುಷ್ಯನಿಗೆ ಹಾಡು ಹಿಡಿದು ಕೊಟ್ಟಿದ್ದು ಯಾರು?

ಅಷ್ಟರಲ್ಲಿ ಆರೂವರೆ ಆಯ್ತು. ನನ್ನ ಕಣ್ಣೆದುರೇ ಮುಳ್ಳು ಏರಿತು. ನಾನು ಮೆಲ್ಲಗೆ ಕಿಟಕಿ ಮೂಲೆ ಕಡೆ ನಡೆದೆ. ಹತ್ರ ಹೋಗ್ತಾ ಇದ್ದ ಹಾಗೆ, ಏರಬೇಕಾದ ಮುಳ್ಳು ಎರಡಕ್ಕೆ ಇಳೀತು. ಹಿಂದೆ ಬಂದೆ, ಮತ್ತೆ ಏರಿತು. ಇನ್ನೊಂದು ಸಲ ಹೋದೆ... ಅದೇ. ಏನು ಅಂತ ಗೊತ್ತಾಯ್ತಾ ನಿಮಗೆ? ಇಕ್ಕಟ್ಟಿನ ಜಾಗದಲ್ಲಿ ಕೆಲಸದೋನು ಬಂದ ಅಂತ ಯಾರೋ ಸರಿದು ದಾರಿ ಬಿಡ್ತಾ ಇದ್ರು.

ಯಜಮಾನರೂ ಮುಳ್ಳನ್ನೇ ನೋಡ್ತಿದ್ರು. ಹೇಳೋದೇ ಬೇಕಾಗಿರಲಿಲ್ಲ. ಸಂತೋಷ ಪಡ್ತಾರೇನೋ ಅಂದ್ಕೊಂಡ್ರೆ ಅವರು ಮುಖ ಮುಚ್ಕೊಂಡು ಅತ್ತುಬಿಟ್ರು. "ಇನ್ನೂ ನಿಂತೇ ಇದ್ದಾಳಲ್ರೀ... ಏನಾದ್ರೂ ಮಾಡಿ, ಅವಳು ಕೂತ್ಕೊಳ್ಳೋ ಹಾಗೆ ಮಾಡಿ," ಅಂದ್ರು.

ಮಾರನೇ ದಿನವೇ ತಾರಸಿ ಮೇಲೆ ಐದು ಕಡ್ಡಿಯ ಏರಿಯಲ್ ನೆಟ್ಟೆ, ಕೇಬಲ್ ಎಳೆದು ತಂದು ಎರಡೆರಡು ಸಲ ಬಿಗಿ ಮಾಡಿದೆ. ಮುಳ್ಳು ಐದಕ್ಕೆ ಹೋಗಿ ಬಡೀತು. ಬೆಳಿಗ್ಗೆಯೂ ಐದು, ಮಧ್ಯಾಹ್ನವೂ ಐದು, ಆರೂವರೆಗೂ ಐದು. ಯಜಮಾನರು ತಮ್ಮ ಪಕ್ಕ ಇನ್ನೊಂದು ಕುರ್ಚಿ ಹಾಕಿ ಕೂತ್ರು. ನನ್ನ ಕೆಲಸದಲ್ಲಿ ಅಷ್ಟು ಶುದ್ಧವಾದ ದನಿ ನಾನು ಇನ್ನೊಂದು ಮನೆಯಲ್ಲಿ ಕೇಳಿಲ್ಲ.

ಎರಡು ವಾರಕ್ಕೆ ಮತ್ತೆ ಫೋನು. ಏರಿಯಲ್ ತೆಗೆದುಬಿಡಿ ಅಂತ. ಹೋದೆ. ಮನುಷ್ಯ ಅರ್ಧ ಆಗಿದ್ರು. "ಕೂತ್ಲೋ, ಹೋಗೇಬಿಟ್ಲೋ, ಏನೂ ತಿಳಿಯಲ್ಲ ಕಣ್ರೀ. ಮುಳ್ಳು ಅಲ್ಲಾಡೋದೇ ಇಲ್ಲ. ನಾನು ಪಾಪಿ... ಅವಳು ನಿಂತ್ರೂ ಪರವಾಗಿಲ್ಲ, ಇದ್ದಾಳೆ ಅಂತ ಗೊತ್ತಾದ್ರೆ ಸಾಕು," ಅಂದ್ರು. ನಾನು ಕೇಬಲ್ ಕಿತ್ತೆ. ಮುಳ್ಳು ಒಂದಕ್ಕೆ ಬಿತ್ತು. ಆರೂವರೆ ಆಯ್ತು, ಇಬ್ರೂ ಕಣ್ಣು ಮಿಟುಕಿಸದೆ ನೋಡ್ತಿದೀವಿ... ಏರಲಿಲ್ಲ. ಆರೂ ನಲವತ್ತಾಯ್ತು. ಏರಲಿಲ್ಲ. ಇಪ್ಪತ್ತೆರಡು ವರ್ಷ ನಿಂತು ಈಗ ಕೂತೋಳನ್ನ ಮತ್ತೆ ಎಬ್ಬಿಸೋಕಾಗುತ್ತಾ?

ಆಗ ಆ ಮನುಷ್ಯ ಏನು ಮಾಡಿದ್ರು ಗೊತ್ತಾ? ಗೋಡೆ ಮೇಲಿದ್ದ ಹಳೇ ತಂತಿನ ಕಿತ್ತು, ಒಂದು ತುದಿ ನನ್ನ ಕೈಯಲ್ಲಿ ಸ್ಕ್ರೂಗೆ ಹಾಕಿಸಿ, ಇನ್ನೊಂದು ತುದಿ ತಾವೇ ಹಿಡ್ಕೊಂಡು ಕಿಟಕಿ ಮೂಲೆಗೆ ಹೋಗಿ ನಿಂತ್ರು. ಮುಳ್ಳು ಏರಿತು. ಖಾಲಿ ಕುರ್ಚಿ ಕಡೆ ತಿರುಗಿ, "ಕೇಳಿಸ್ತಾ?" ಅಂದ್ರು. ಸ್ವಲ್ಪ ಹೊತ್ತು ಕಾದ್ರು... ಆಮೇಲೆ ತಲೆ ಆಡಿಸಿ, ಅಲ್ಲಾಡದೆ ನಿಂತ್ರು. ನಾನು ಚೀಲ ಎತ್ಕೊಂಡೆ. ಸದ್ದಿಲ್ಲದೆ ಇಳಿದು ಬಂದೆ. ಬದುಕಿರೋ ತನಕ ದಿನಾ ಹಾಗೇ ನಿಲ್ತಿದ್ರಂತೆ, ಮಂಡಿ ನೋವಿಟ್ಕೊಂಡು.

ಅವರು ಹೋದ ಮೇಲೆ ಅವರ ತಂಗಿ ಮಗ ಆ ಟ್ಯೂನರ್‌ನ ಅಂಗಡಿಗೆ ತಂದು ಬಿಟ್ಟುಹೋದ. ಹಳೇ ಮಾಲು ಯಾರಿಗೆ ಬೇಕು? ನಾನೇ ಮನೆಗೆ ತಂದೆ. ಅಷ್ಟೊತ್ತಿಗೆ ನನ್ನೋಳೂ ಹೋಗಿ ಎರಡು ವರ್ಷ. ನಿಮ್ಮ ಹತ್ರ ಯಾಕೆ ಮುಚ್ಚಿಡಲಿ... ಆಸೆ ಇತ್ತು ನನಗೆ. ಬೇಕಂತಲೇ ತಂತಿ ಸಿಕ್ಕಿಸದೆ, ಆರೂವರೆಗೆ ಹಾಕಿ ಕೂತೆ. ಮುಳ್ಳು ಏರಿತು, ನಾಲ್ಕೂವರೆ. ಎದ್ದು ಕಿಟಕಿ ಹತ್ರ ಹೋದೆ. ಇಳೀತು. ದಾರಿ ಬಿಟ್ಟಿತು. ಆಗಲೇ ತಿಳೀತು, ನನ್ನೋಳಲ್ಲ ಅಂತ. ಅವಳು ಜನ್ಮದಲ್ಲಿ ನನಗೆ ದಾರಿ ಬಿಟ್ಟೋಳಲ್ಲ. ಅದೂ ಅಲ್ಲದೆ ಅವಳು ಯಾಕೆ ಬರ್ತಾಳೆ ಹೇಳಿ? ಕಂಡೋರ ಮನೆಗೆಲ್ಲ ಸಂಜೆ ಸಂಜೆ ಹಾಡು ಹಾಕಿಕೊಟ್ಟು ಬಂದೋನು ನಾನು, ಒಂದು ಸಂಜೆನಾದ್ರೂ ಅವಳ ಪಕ್ಕ ಕೂತು ಕೇಳಿದೋನಲ್ಲ.

ಮತ್ತೆ ಬಂದು ಕುರ್ಚಿಯಲ್ಲಿ ಕೂತೆ, ಮುಳ್ಳು ಗಡಗಡ ನಡುಗೋಕೆ ಶುರುವಾಯ್ತು. ಎದ್ದು ನಿಂತೆ, ನೆಟ್ಟಗಾಯ್ತು. ಮತ್ತೆ ಕೂತೆ, ನಡುಗಿತು. ಕಿಟಕಿ ಹತ್ರ ನಿಂತಿರೋರು ಆ ಯಜಮಾನರು, ಕುರ್ಚಿ ಬೇಕಾಗಿರೋದು ಆಯಮ್ಮನಿಗೆ ಅಂತ ಆಗ ಅರ್ಥ ಆಯ್ತು ನನಗೆ. ಅವತ್ತಿಂದ ಆ ಅರ್ಧ ಗಂಟೆ ಟ್ಯೂನರ್ ಹಾಕಿಟ್ಟು, ಬಾಗಿಲು ಎಳ್ಕೊಂಡು, ಹೊರಗೆ ಬಂದು ಕೂರ್ತೀನಿ. ಮನೆ ನಂದೇ, ಹೊರಗೆ ಕೂರೋನೂ ನಾನೇ.

ತಾತ ಕೈಯಲ್ಲಿದ್ದ ರೇಡಿಯೊವನ್ನು ಬೆಂಚಿನ ಮೇಲಿಟ್ಟರು. ನಮ್ಮಲ್ಲಿ ಯಾರೂ ಅವರ ಮನೆಯ ಬಾಗಿಲ ಕಡೆ ನೋಡಲಿಲ್ಲ.

"ಗಂಟೆ ಎಷ್ಟಾಯ್ತಮ್ಮಾ?" ಎಂದು ಕೇಳಿದರು.

"ಏಳಕ್ಕೆ ಹತ್ತು ನಿಮಿಷ ಇದೆ, ತಾತ," ಎಂದಳು ನರ್ಸಮ್ಮ. ಟೈಲರ್‌ನ ಹೆಂಡತಿ ಆಗಲೇ ಎದ್ದು ಗಂಡನ ತೋಳು ಹಿಡಿದಿದ್ದಳು.

"ಕೂತ್ಕೊಳ್ಳಮ್ಮ, ಇನ್ನು ಹತ್ತೇ ನಿಮಿಷ," ಎಂದರು ತಾತ. "ಒಳಗೆ ಅವರಿಬ್ಬರಿದಾರೆ. ಹೊರಗೆ ದಿನಾ ನಾನು ಒಬ್ಬನೇ."