ಸೀಟಿನ ಮೇಲಿನ ಮರಳು ಚೀಲಗಳು

ಬಸ್ಸಿಗೆ ಕಾಯುತ್ತಿದ್ದ ಟೀಚರಮ್ಮನ ಪಕ್ಕದಲ್ಲೇ ಒಬ್ಬ ಹೆಂಗಸೂ ಅವಳ ಮೈದುನನೂ ಮಾತಾಡುತ್ತಿದ್ದರು. ಕೇಳಬಾರದು ಅಂದುಕೊಂಡರೂ ಕಿವಿಗೇನು ಬಾಗಿಲಿದೆಯೇ?

“ಅತ್ತಿಗೆ, ಅಣ್ಣನ ಸ್ಪೋರ್ಟ್ಸ್ ಕಾರಿನ ಸೀಟಲ್ಲಿ ಮರಳು ಚೀಲ ಯಾಕಿವೆ?”

“ಚಕ್ರ ನೇರ ಇವೆಯಾ ಅಂತ ಮನೇಲೇ ದಾರ ಕಟ್ಟಿ ವೀಲ್ ಅಲೈನ್‌ಮೆಂಟ್ ಮಾಡ್ಕೋತಿದ್ರಲ್ಲ. ಆಗ ಓಡಿಸೋರ ತೂಕ ಸೀಟಲ್ಲಿ ಇರ್ಬೇಕಂತೆ.”

“ಮೊದ್ಲು ಹತ್ತು ಹತ್ತು ಕೆಜಿದು ಏಳಿದ್ವು. ಈಗ ನಾಲ್ಕೇ ಇವೆ.”

“ಕಾಯಿಲೆ ಬಂದ್ಮೇಲೆ ಅವರೇ ಒಂದೊಂದಾಗಿ ತೆಗೆಸಿದ್ರು. ನನ್ ಹತ್ರ ಮಾತ್ರ ‘ಚೆನ್ನಾಗಿದೀನಿ ಕಣೇ’ ಅಂತಿದ್ರು.”

“ನಾಳೆ ಕಾರು ತಗೊಳ್ಳೋರು ಬರ್ತಾರೆ. ಇಳಿಸಿಬಿಡ್ಲಾ?”

“ನೀನು ಮುಟ್ಬೇಡ, ನಾನೇ ಇಳಿಸ್ತೀನಿ. ಕೊನೆ ತಿಂಗಳೆಲ್ಲ ಅವರನ್ನ ಎತ್ತಿ ಮಲಗಿಸ್ತಿದ್ದೋಳು ನಾನು. ಆ ಭಾರ ನಂಗೆ ಅಭ್ಯಾಸ.”

ಬಸ್ಸು ಬಂತು. ಇಬ್ಬರೂ ಹತ್ತಿ ಹೋದರು.

ಟೀಚರಮ್ಮನ ಬಸ್ಸೂ ಅದೇ. ಆಕೆ ಹತ್ತಲಿಲ್ಲ.