ಹಿಂದಿನ ಚಕ್ರದ ಕುಪ್ಪಳಿಕೆ

ಕಾರವಾರದ ಆಸ್ಪತ್ರೆಯೊಂದರಲ್ಲಿ ನನ್ನ ಸರದಿಗೆ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಅಂಕೋಲೆಯ ಮೆಕ್ಯಾನಿಕ್ ಬೀರಾ ಬಲಗೈಗೆ ದಪ್ಪ ಬ್ಯಾಂಡೇಜು ಕಟ್ಟಿಸಿಕೊಂಡು ಕೂತಿದ್ದ. ದೋಣಿ ಮಾಲಿಕ ದತ್ತಾ ಬಂದು ಅವನ ಪಕ್ಕ ಕೂತ.

"ಕೈ ಹೆಂಗಿದೆಯೋ?"

"ಮೂರು ಬೆರಳು ತೆಗೆದ್ರು ದತ್ತಣ್ಣ."

"ಜಾಕು ಸರಿಯಾಗಿ ಕೊಟ್ಟಿದ್ರೆ ಕಾರು ಕೈ ಮೇಲೆ ಬೀಳ್ತಿರ್ಲಿಲ್ಲ ಮಾರಾಯಾ. ಈಗ ನನ್ನ ಹಳೇ ಅಮೇರಿಕನ್ ಕಾರಿನ ಗತಿ ಎಂತದು? ಎಕ್ಸಲೇಟರ್ ಒತ್ತಿದ್ರೆ ಹಿಂದಿನ ಚಕ್ರ ಇನ್ನೂ ಕುಪ್ಪಳಿಸ್ತದೆ. ಭಾನುವಾರ ಗೋವಾದಲ್ಲಿ ರೇಸು."

"ಹಿಂದಿನ ಸ್ಪ್ರಿಂಗಿನ ಪಾಟಾ, ಆ ಉದ್ದ ಕಬ್ಬಿಣದ ಪಟ್ಟಿ, ತಿರುಚಿಕೊಳ್ತದೆ. ಅದರ ತುದಿಯ ರಬ್ಬರ್ ಬುಶ್ ಬದಲು ಮಾಡಿ, ಪಾಟಾದ ಮುಂದಿನ ಅರ್ಧಕ್ಕೆ ಎರಡು ಕ್ಲ್ಯಾಂಪ್ ಬಿಗೀಬೇಕು."

ದತ್ತಾ ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ಅವನ ಬಾಯಿಯ ಹತ್ತಿರ ಹಿಡಿದ. "ಇನ್ನೊಂದ್ಸಲ ಹೇಳು, ನಿಧಾನಕ್ಕೆ."

ಬೀರಾ ಮತ್ತೆ ಹೇಳಿದ. ಪಾಟಾ ಎಲ್ಲಿ ಬಾಗುತ್ತದೆಂದು ಎಡಗೈಯಲ್ಲಿ ತೋರಿಸಿಯೂ ಕೊಟ್ಟ.

"ಈ ರೇಸು ಬಿಟ್ಟುಬಿಡಿ, ಹದಿನೈದು ದಿನ ಕೊಡಿ. ಎಡಗೈಲೇ ಮಾಡಿಕೊಡ್ತೆ."

"ಎಡಗೈಲಿ ಮೊದಲು ಊಟ ಮಾಡೂದು ಕಲಿ. ಕಾರು ಮೊನ್ನೆಯೇ ಅರ್ಗಾದ ನಿತೇಶನ ಗ್ಯಾರೇಜಿಗೆ ಹೋಯ್ತು. ಅವಂಗೆ ಇದೊಂದೇ ತಿಳೀತಿರ್ಲಿಲ್ಲ."

"ಹಂಗಾದ್ರೆ ನೀವು ಬಂದದ್ದು..."

ದತ್ತಾ ಆಗಲೇ ಎದ್ದು ಬಾಗಿಲಿನ ಹತ್ತಿರ ಫೋನಿನಲ್ಲಿದ್ದ.

"ನಿತೇಶ, ಬೀರಾ ಹೇಳಿದ್ದನ್ನ ರೆಕಾರ್ಡ್ ಮಾಡಿ ಕಳ್ಸಿದ್ದೆ, ಕೇಳು. ಅವ ಹೇಳಿದ ಹಾಗೇ ಮಾಡು. ಬೀರಾನಂಥ ಕೈ ಈ ಕಡೆ ಇನ್ನೊಂದು ಇರ್ಲಿಲ್ಲ."